ಸ್ಟ್ಯಾಕಾ, ಎಂಲ್ಯಾಗಾ?

ಒಂದು ನೆಟ್‌ವರ್ಕ್ ಸ್ವಿಚ್ ಕೆಟ್ಟರೂ ಕೆಲಸ ನಿಲ್ಲಬಾರದು ಅಂತ ಪ್ರತಿ ಸರ್ವರ್‌ನಿಂದ ಎರಡು ಸ್ವಿಚ್‌ಗೆ ಒಂದೊಂದು ಕೇಬಲ್ ಹಾಕ್ತೀವಿ. ಆ ಎರಡನ್ನು ಜೋಡಿಸೋಕೆ ಎರಡು ದಾರಿ: ಸ್ಟ್ಯಾಕ್, ಇಲ್ಲಾ ಎಂಲ್ಯಾಗ್ (MLAG). ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ಸಣ್ಣ ಫ್ಯಾಕ್ಟರಿ, ಒಂದೇ ರ‍್ಯಾಕ್, ರಾತ್ರಿ ಪಾಳಿ ಇಲ್ಲ ಅಂದ್ರೆ ಸುಮ್ನೆ ಸ್ಟ್ಯಾಕ್ ಮಾಡಿ. ಎರಡು ಸ್ವಿಚ್ ಸೇರಿ ಒಂದೇ ಆಗುತ್ತವೆ, ಒಂದೇ ಐಪಿ, ಒಂದೇ ಕಾನ್ಫಿಗರೇಶನ್. ತಲೆನೋವು ಬರೋದು ಫರ್ಮ್‌ವೇರ್ ಅಪ್‌ಗ್ರೇಡ್ ದಿನ: ಸಾಮಾನ್ಯವಾಗಿ ಎರಡೂ ಒಟ್ಟಿಗೇ ರೀಬೂಟ್.

ಆಸ್ಪತ್ರೆ ತರ 24 ಗಂಟೆ ನಡೆಯೋ ಜಾಗಕ್ಕೆ ನನ್ನ ಓಟು ಎಂಲ್ಯಾಗ್‌ಗೆ. ಇಲ್ಲಿ ಎರಡೂ ಸ್ವಿಚ್ ತಮ್ಮ ಪಾಡಿಗೆ ಇರುತ್ತವೆ, ಆದರೆ ಎಲ್‌ಎಸಿಪಿಯಲ್ಲಿ (ಹಲವು ಕೇಬಲ್‌ಗಳನ್ನು ಒಂದೇ ಲಿಂಕ್ ಆಗಿ ಕಟ್ಟೋ ಪ್ರೋಟೋಕಾಲ್) ಒಂದೇ ಸಿಸ್ಟಮ್ ಐಡಿ ಹೇಳೋದರಿಂದ ಸರ್ವರ್‌ಗೆ ಎದುರಿಗೆ ಒಂದೇ ಸ್ವಿಚ್ ಇದ್ದಂತೆ ಕಾಣುತ್ತದೆ, ಒಂದನ್ನು ರೀಬೂಟ್ ಮಾಡಿದರೂ ಇನ್ನೊಂದು ಕೇಬಲ್‌ನಲ್ಲಿ ಕೆಲಸ ಸಾಗುತ್ತದೆ. ಕಾನ್ಫಿಗರೇಶನ್ ಮಾತ್ರ ಜಾಸ್ತಿ. ವಿಎಲ್ಯಾನ್‌ಗಳು (ಒಂದೇ ಸ್ವಿಚ್ ಮೇಲೆ ಬೇರೆ ಬೇರೆಯಾಗಿ ಭಾಗ ಮಾಡಿದ ನೆಟ್‌ವರ್ಕ್‌ಗಳು) ಎರಡೂ ಕಡೆ ತಾಳೆಯಾಗಬೇಕು. ಇನ್ನೊಂದು ಸ್ವಿಚ್ ಬದುಕಿದೆಯಾ ಅಂತ ನೋಡೋ ಕೀಪ್‌ಅಲೈವ್ ಸಂದೇಶವನ್ನು ಎರಡು ಸ್ವಿಚ್ ನಡುವಿನ ಪಿಯರ್ ಲಿಂಕ್ ಮೇಲೆಯೇ ಓಡಿಸಬೇಡಿ, ಮ್ಯಾನೇಜ್‌ಮೆಂಟ್ ಪೋರ್ಟಿನಿಂದ ಬೇರೆ ದಾರಿ ಕೊಡಿ. ಇಲ್ಲದಿದ್ದರೆ ಆ ಲಿಂಕ್ ಹೋದಾಗ ಎರಡೂ ನಾನೇ ಯಜಮಾನ ಅಂತ ಕೂರುತ್ತವೆ. ಎರಡು ಬೇರೆ ಕಂಪನಿಯ ಸ್ವಿಚ್ ಜೋಡಿಸೋ ಆಸೆ ಬಿಡಿ.

ಯಾವುದೇ ತಗೊಳ್ಳಿ, ಎರಡು 10 ಗಿಗಾಬಿಟ್ ಲಿಂಕ್ ಹಾಕಿದ್ರೆ ಒಂದು ಫೈಲ್ ಕಾಪಿಗೆ 20 ಸಿಗಲ್ಲ, ಒಂದು ಫ್ಲೋ (ಒಂದು ಸಂಪರ್ಕದ ಡೇಟಾ) ಒಂದೇ ಕೇಬಲ್ ಹಿಡಿಯುತ್ತದೆ. ಎರಡೂ ಸ್ವಿಚ್ ಒಂದೇ ಯುಪಿಎಸ್‌ಗೆ ಹಾಕಿದ್ರೆ ಇಷ್ಟೆಲ್ಲಾ ಮಾಡಿದ್ದು ದಂಡ, ಅಲ್ವಾ? ಎಲ್‌ಎಸಿಪಿ ಟೈಮರ್ ಫಾಸ್ಟ್ ಇಡಿ: ಪೋರ್ಟ್ ಅಪ್ ಅಂತ ತೋರಿಸುತ್ತಿದ್ದರೂ ಲಿಂಕ್ ಸತ್ತಾಗ 90 ಸೆಕೆಂಡ್ ಬದಲು 3 ಸೆಕೆಂಡಿಗೆ ಗೊತ್ತಾಗುತ್ತದೆ.