ಹತ್ತು ಪಟ್ಟಿನ ಲೆನ್ಸ್: ಬಾಕ್ಸ್ ಹಿಲ್ ಹೂಗಳ ಜೊತೆ ಎರಡು ಬೇಸಿಗೆ

ಎರಡು ಬೇಸಿಗೆ ಬಳಸಿ ನೋಡಿದ ಮೇಲೆ ಬರೆಯುತ್ತಿದ್ದೇನೆ. ಇದು 10 ಪಟ್ಟು ದೊಡ್ಡದಾಗಿ ತೋರಿಸುವ ಮಡಚುವ ಲೆನ್ಸ್. ಊರಲ್ಲಿ ಚಿನಿವಾರರು ಹರಳು ನೋಡುವಾಗ ಕಣ್ಣಿಗೆ ಹತ್ತಿರ ಹಿಡಿಯುತ್ತಾರಲ್ಲ, ಅಂಥದ್ದೇ. ಗಾಜಿನ ಅಗಲ 21 ಮಿಲಿಮೀಟರ್. ಇಂಗ್ಲೆಂಡಿನ ಸೀಮೆಸುಣ್ಣದ ಗುಡ್ಡಗಳಲ್ಲಿ ಹೂ ಗುರುತಿಸಲು ಆಸೆ ಇರುವವರು ಫೋನಿನ ಆ್ಯಪ್ ನಂಬುವ ಮೊದಲು ಇದನ್ನು ತಗೊಳ್ಳಿ.

ನಾನು ಹೋಗುವುದು ಸರ್ರೆಯ ಬಾಕ್ಸ್ ಹಿಲ್‌ಗೆ. ನಿಜವಾಗಿಯೂ ಸೀಮೆಸುಣ್ಣವೇ, ಕಾಲುದಾರಿಯಲ್ಲಿ ನಡೆದರೆ ಶೂ ಬೆಳ್ಳಗಾಗುತ್ತದೆ. ಮೇಲಿನ ಮಣ್ಣು ತೆಳು, ಸತ್ವವೂ ಕಡಿಮೆ, ಜೊತೆಗೆ ದನ ಮೊಲಗಳು ಮೇಯುತ್ತಲೇ ಇರುತ್ತವೆ, ಹಾಗಾಗಿ ಯಾವ ಒಂದು ಗಿಡವೂ ಜೋರಾಗಿ ಬೆಳೆದು ಉಳಿದವನ್ನು ಮುಚ್ಚಿಹಾಕುವುದಿಲ್ಲ. ಇಂಥ ಹುಲ್ಲುಗಾವಲಿನ ಒಂದು ಚದರ ಮೀಟರಿನಲ್ಲಿ 40 ಬಗೆಯ ಗಿಡಗಳವರೆಗೂ ಸಿಗುತ್ತವೆ. ಎಲ್ಲಾ ಗಿಡ್ಡ, ಎಲ್ಲಾ ಒಂದರೊಳಗೊಂದು ಹೆಣೆದುಕೊಂಡು. ಮೇಲಿಂದ ಫೋಟೋ ತೆಗೆದರೆ ಯಾವ ಎಲೆ ಯಾವ ಹೂವಿನದು ಅಂತಲೇ ತಿಳಿಯುವುದಿಲ್ಲ.

ಲೆನ್ಸ್ ಬೇಕಾಗುವುದು ಅಲ್ಲೇ. ಥೈಮ್ ಎಂಬ ಗಿಡವನ್ನೇ ನೋಡಿ. ನೇರಳೆ ಹೂವಿನ ಎರಡು ಥೈಮ್ ಇಲ್ಲಿವೆ, ನೋಡಲು ಒಂದೇ ಥರ. ಹೂ ಬಿಟ್ಟ ಕಾಂಡಕ್ಕೆ ಲೆನ್ಸ್ ಹಿಡಿದರೆ ವೈಲ್ಡ್ ಥೈಮ್‌ಗೆ ಎದುರುಬದುರಿನ ಎರಡು ಬದಿಗಳಲ್ಲಿ ಮಾತ್ರ ಕೂದಲು, ಲಾರ್ಜ್ ಥೈಮ್‌ಗೆ ನಾಲ್ಕು ಅಂಚುಗಳಲ್ಲಿ. ಅಷ್ಟೇ ವ್ಯತ್ಯಾಸ! ಹಳದಿ ಹೂವಿನ ರಫ್ ಹಾಕ್‌ಬಿಟ್‌ನ ಎಲೆ ನೋಡಿ, ಒಂದೊಂದು ಕೂದಲೂ ತುದಿಯಲ್ಲಿ ಕವಲೊಡೆದಿರುತ್ತದೆ. ಅದರ ಹಾಗೇ ಕಾಣುವ ಕ್ಯಾಟ್ಸ್ ಇಯರ್‌ಗೆ ಕವಲಿಲ್ಲ. ಮೊದಲ ಸಲ ಆ ಕವಲು ಕಂಡಾಗ ನನಗೆ ಎಷ್ಟು ಖುಷಿ ಆಯಿತೆಂದರೆ ಪಕ್ಕದಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬರನ್ನು ಕರೆದು ತೋರಿಸಿದೆ.

ನನಗೆ ತುಂಬಾ ಇಷ್ಟವಾದದ್ದು ಸ್ಕ್ವಿನನ್ಸಿವರ್ಟ್. ಹೂವು ಮೂರ್ನಾಲ್ಕು ಮಿಲಿಮೀಟರ್, ಬರಿಗಣ್ಣಿಗೆ ಬಿಳಿ ಚುಕ್ಕೆ. ಲೆನ್ಸಿನಲ್ಲಿ ನಾಲ್ಕು ಎಸಳು, ಅದರ ಮೇಲೆ ನವಿರಾದ ಗುಲಾಬಿ ಗೆರೆಗಳು. ಇದು ನಮ್ಮ ಚಿಕ್ಕಮಗಳೂರಿನ ಕಾಫಿ ಗಿಡದ ಕುಟುಂಬಕ್ಕೇ ಸೇರಿದ್ದು ಗೊತ್ತಾ?

ಎಲ್ಲದಕ್ಕೂ ಲೆನ್ಸ್ ಬೇಡ. ಹಾರ್ಸ್‌ಶೂ ವೆಚ್ ಮತ್ತು ಬರ್ಡ್ಸ್‌ಫುಟ್ ಟ್ರೆಫಾಯಿಲ್, ಎರಡರದ್ದೂ ತೊಗರಿ ಹೂವಿನಂಥ ಹಳದಿ ಹೂವು, ಆದರೆ ಎಲೆ ಎಣಿಸಿದರೆ ಸಾಕು. ಟ್ರೆಫಾಯಿಲ್‌ಗೆ ಐದು ಕಿರುಎಲೆ, ವೆಚ್‌ಗೆ ಕಡ್ಡಿಯುದ್ದಕ್ಕೂ ಜೋಡಿ ಜೋಡಿಯಾಗಿ ಜಾಸ್ತಿ. ಇದು ಸುಮ್ನೆ ಹೆಸರಿನ ವಿಷಯವಲ್ಲ. ಚಾಕ್‌ಹಿಲ್ ಬ್ಲೂ ಚಿಟ್ಟೆಯ ಹುಳುಗಳು ಹಾರ್ಸ್‌ಶೂ ವೆಚ್ ಬಿಟ್ಟು ಬೇರೇನೂ ತಿನ್ನುವುದಿಲ್ಲ.

ಬಳಸುವ ರೀತಿ ಹೇಳಲೇಬೇಕು, ಯಾಕೆಂದರೆ ಜಾಸ್ತಿ ಜನ ಲೆನ್ಸನ್ನು ಹೂವಿನ ಹತ್ತಿರ ಹಿಡಿದು ದೂರದಿಂದ ಇಣುಕುತ್ತಾರೆ. ಹಾಗಲ್ಲ. ಲೆನ್ಸ್ ಕಣ್ಣಿಗೆ ತಾಗುವಷ್ಟು ಹತ್ತಿರ ಇರಲಿ, ಆಮೇಲೆ ನೀವೇ ಬಗ್ಗಿ, ಹೂವು ಎರಡೂವರೆ ಸೆಂಟಿಮೀಟರಿನಷ್ಟು ಹತ್ತಿರ ಬಂದಾಗ ಎಲ್ಲಾ ಸ್ಪಷ್ಟವಾಗುತ್ತದೆ. ಹೊಟ್ಟೆಯ ಮೇಲೆ ಮಲಗಿಬಿಡುವುದೇ ಒಳ್ಳೆಯದು. ಹೂ ಕೀಳಬೇಡಿ. ಜಾಗದ ಒಡೆಯರ ಅನುಮತಿ ಇಲ್ಲದೆ ಬೇರುಸಮೇತ ಕಿತ್ತರಂತೂ ಇಲ್ಲಿನ 1981ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.

ಇದಕ್ಕೂ ಮುಂಚೆ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕ, 30 ಪಟ್ಟು ಅಂತ ಬರೆದಿದ್ದ ಇನ್ನೊಂದು ಲೆನ್ಸ್ ತಗೊಂಡು ದುಡ್ಡು ಹಾಳು ಮಾಡಿಕೊಂಡೆ. ಕಾಣುವ ಜಾಗ ಕಿರಿದು, ಒಳಗೆ ಕತ್ತಲು, ಗಾಳಿಗೆ ಹೂವು ಸ್ವಲ್ಪ ಅಲ್ಲಾಡಿದರೂ ಏನೂ ಕಾಣದು. ಹೂವಿಗೆ 10 ಪಟ್ಟು ಧಾರಾಳ ಸಾಕು.

ಈಗಿನ ಲೆನ್ಸಿನಲ್ಲಿ ಒಂದೇ ಕೊರತೆ, ದಾರ ಕೊಟ್ಟಿಲ್ಲ. ಜೂನ್‌ನಲ್ಲಿ ಹುಲ್ಲಿನಲ್ಲಿ ಬೀಳಿಸಿಕೊಂಡು ಅರ್ಧ ಗಂಟೆ ಹುಡುಕಿದೆ. ತಗೊಂಡ ದಿನವೇ ಒಂದು ಕೆಂಪು ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಳ್ಳಿ.