8 ಬಿಟ್, 16 ಬಿಟ್, 32 ಬಿಟ್: ಒಂದೇ ಫೋಟೋವನ್ನು ಮೂರರಲ್ಲೂ ಎಳೆದು ನೋಡಿದಾಗ

ಎಡಿಟಿಂಗ್ ಕಲಿಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: 8 ಬಿಟ್ ಸಾಕಾ, 16 ಬಿಟ್ ಬೇಕಾ? (ಬಿಟ್ ಡೆಪ್ತ್ ಅಂದರೆ ಫೈಲ್‌ನಲ್ಲಿ ಒಂದೊಂದು ಬಣ್ಣಕ್ಕೆ ಎಷ್ಟು ಹಂತ ಇರುತ್ತದೆ ಅನ್ನುವ ಲೆಕ್ಕ.) ಎರಡೂ ಫೈಲ್‌ಗಳನ್ನು ಪಕ್ಕಪಕ್ಕ ತೆರೆದರೆ ಒಂದೇ ಥರ ಕಾಣುತ್ತವೆ. ಅದನ್ನು ನೋಡಿ ‘ಏನೂ ವ್ಯತ್ಯಾಸ ಇಲ್ಲ, ಸುಮ್ನೆ ಡಿಸ್ಕ್‌ನಲ್ಲಿ ಜಾಗ ದಂಡ’ ಅನ್ನುವವರಿದ್ದಾರೆ. ಆದರೆ ಸುಮ್ನೆ ತೆರೆದು ನೋಡಿದರೆ ಇದು ಗೊತ್ತಾಗುವ ವಿಷಯವೇ ಅಲ್ಲ. ಫೋಟೋವನ್ನು ಹಿಡಿದು ಎಳೆದಾಗಲೇ, ಅಂದರೆ ಬೆಳಕು, ಕಾಂಟ್ರಾಸ್ಟ್ ಜೋರಾಗಿ ಬದಲಾಯಿಸಿದಾಗಲೇ ಗೊತ್ತಾಗುವುದು. ಅದಕ್ಕೇ ಒಂದೇ ರಾ ಫೈಲ್‌ನಿಂದ (ಕ್ಯಾಮೆರಾದ ಸೆನ್ಸರ್ ಕೊಟ್ಟ ಕಚ್ಚಾ ಫೈಲ್) ಬೇರೆ ಬೇರೆ ಬಿಟ್‌ಗಳಲ್ಲಿ ಟಿಫ್ ಚಿತ್ರ ತೆಗೆದು, ಎಲ್ಲದಕ್ಕೂ ಒಂದೇ ಕರ್ವ್ (ಬೆಳಕು, ಕಾಂಟ್ರಾಸ್ಟ್ ಬದಲಾಯಿಸುವ ಗೆರೆ) ಹಾಕಿ ನೋಡಿದೆ.

ಮೊದಲು ಲೆಕ್ಕ ಒಂದಿಷ್ಟು. 8 ಬಿಟ್ ಅಂದರೆ ಕೆಂಪು, ಹಸಿರು, ನೀಲಿ, ಒಂದೊಂದು ಚಾನೆಲ್‌ಗೂ 256 ಹಂತ. ಮೂರನ್ನೂ ಗುಣಿಸಿದರೆ 1.67 ಕೋಟಿ ಬಣ್ಣ. ಕೇಳೋಕೆ ದೊಡ್ಡ ಸಂಖ್ಯೆ. ಆದರೆ ಎಡಿಟ್ ಮಾಡುವಾಗ ನಮಗೆ ಸಿಗುವುದು ಆ ಕೋಟಿಯಲ್ಲ, ಒಂದು ಚಾನೆಲ್‌ನ 256 ಅಷ್ಟೇ. 16 ಬಿಟ್‌ನಲ್ಲಿ ಅದೇ ಚಾನೆಲ್‌ಗೆ 65,536 ಹಂತ. ಫೋಟೋಶಾಪ್ ಒಳಗೆ ಅದನ್ನು 0ಯಿಂದ 32,768ರವರೆಗೆ ಎಣಿಸುತ್ತದೆ, ಅಂದರೆ ಸುಮಾರು ಅರ್ಧ. ಅಷ್ಟಿದ್ದರೂ ಧಾರಾಳವಾಯಿತು, ಯಾಕೆಂದರೆ ಕ್ಯಾಮೆರಾದ ರಾ ಫೈಲೇ ಸಾಮಾನ್ಯವಾಗಿ 12 ಅಥವಾ 14 ಬಿಟ್‌ನದು: 4,096 ಅಥವಾ 16,384 ಹಂತ.

ಇಲ್ಲೊಂದು ಗೊಂದಲ ಆಗುತ್ತದೆ. ಕೆಲವು ಕಡೆ ‘24 ಬಿಟ್ ಚಿತ್ರ’ ಅಂತ ಬರೆದಿರುತ್ತಾರೆ. ಅದು ಮೂರು ಚಾನೆಲ್‌ಗಳನ್ನು ಕೂಡಿಸಿ ಹೇಳಿದ ಲೆಕ್ಕ, ಅಂದರೆ ನಮ್ಮ ಅದೇ 8 ಬಿಟ್. ‘32 ಬಿಟ್ ಪಿಎನ್‌ಜಿ’ ಅಂದರೂ ಅದೇ 8 ಬಿಟ್, ಪಾರದರ್ಶಕತೆಗೆ ಇನ್ನೊಂದು ಚಾನೆಲ್ ಸೇರಿದೆ ಅಷ್ಟೇ. ಕೆಳಗೆ ನಾನು ಹೇಳುವುದೆಲ್ಲ ಒಂದು ಚಾನೆಲ್‌ನ ಲೆಕ್ಕ.

ಪ್ರಯೋಗಕ್ಕೆ ಬೇಕೆಂದೇ ಕಷ್ಟದ ಫೋಟೋ ಆರಿಸಿಕೊಂಡೆ: ಮೋಡವಿಲ್ಲದ ಮುಸ್ಸಂಜೆಯ ಆಕಾಶ, ಕಡಿಮೆ ಐಎಸ್‌ಒ (ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆ), ಅದರ ಮೇಲೆ ನಾಯ್ಸ್ (ಮರಳಿನಂಥ ಚುಕ್ಕೆ) ಕೂಡ ತೆಗೆದದ್ದು. ಆಕಾಶದ ನೀಲಿ ಚಾನೆಲ್ 180ರಿಂದ 205ರೊಳಗೆ ನಿಧಾನವಾಗಿ ಏರುತ್ತಿತ್ತು. ಇಷ್ಟಗಲದ ಆಕಾಶಕ್ಕೆ 8 ಬಿಟ್ ಫೈಲ್‌ನಲ್ಲಿ ಇರುವುದು ಬರೀ 26 ಹಂತ. ಆ ಭಾಗದ ಕಾಂಟ್ರಾಸ್ಟ್ ಮೂರು ಪಟ್ಟಾಗುವಂತೆ ಕರ್ವ್ಸ್ ಎಳೆದೆ. 8 ಬಿಟ್‌ನಲ್ಲಿ ಆಕಾಶ ಪಟ್ಟಿ ಪಟ್ಟಿಯಾಗಿ ಒಡೆಯಿತು. ಐಡ್ರಾಪರ್ (ಪಿಕ್ಸೆಲ್‌ನ ಬಣ್ಣದ ಸಂಖ್ಯೆ ಓದುವ ಸಾಧನ) ಹಿಡಿದು ಪಟ್ಟಿಯ ಅಂಚು ದಾಟಿಸಿದರೆ ಇನ್ಫೋ ಪ್ಯಾನೆಲ್‌ನಲ್ಲಿ 150, 150, 150, ಆಮೇಲೆ ಒಮ್ಮೆಲೇ 153. ನಡುವಿನ 151, 152 ಇಡೀ ಆಕಾಶದಲ್ಲಿ ಎಲ್ಲೂ ಇಲ್ಲ. ಹಿಸ್ಟೋಗ್ರಾಮ್ (ಯಾವ ಹಂತದಲ್ಲಿ ಎಷ್ಟು ಪಿಕ್ಸೆಲ್ ಇವೆ ಎಂದು ತೋರಿಸುವ ನಕ್ಷೆ) ಬಾಚಣಿಗೆಯ ಹಲ್ಲಿನ ಹಾಗೆ ಬಿಡಿಬಿಡಿಯಾಗಿತ್ತು.

16 ಬಿಟ್ ಫೈಲ್‌ಗೂ ಅದೇ ಕರ್ವ್ ಹಾಕಿದೆ. ಪಟ್ಟಿ ಬರಲಿಲ್ಲ. ಅಷ್ಟೇ ಜಾಗಕ್ಕೆ ಇಲ್ಲಿ ಸುಮಾರು 3,300 ಹಂತಗಳಿವೆ. ಮೂರು ಪಟ್ಟು ಹಿಗ್ಗಿಸಿದರೂ ಒಂದರಿಂದ ಇನ್ನೊಂದಕ್ಕಿರುವ ಅಂತರ ಕಣ್ಣಿಗೆ ಸಿಗುವುದಿಲ್ಲ. 150, 151, 152 ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಇದ್ದವು.

ಅದೇ ಫೋಟೋವನ್ನು ಕಪ್ಪು ಬಿಳುಪು ಮಾಡಿದಾಗ ವ್ಯತ್ಯಾಸ ಇನ್ನೂ ಜೋರಾಯಿತು. ಆಕಾಶ ಗಾಢವಾಗಲಿ ಅಂತ ಬ್ಲ್ಯಾಕ್ ಅಂಡ್ ವೈಟ್ ಅಡ್ಜಸ್ಟ್‌ಮೆಂಟ್‌ನಲ್ಲಿ ನೀಲಿ ಸ್ಲೈಡರ್ ಚೆನ್ನಾಗಿ ಕೆಳಗಿಳಿಸಿದೆ. ಬಣ್ಣದ ಫೋಟೋದಲ್ಲಿ ಮೂರು ಚಾನೆಲ್‌ಗಳ ಹಂತಗಳು ಬೇರೆ ಬೇರೆ ಕಡೆ ಬೀಳುವುದರಿಂದ ಅಂಚುಗಳು ಸ್ವಲ್ಪ ಮುಚ್ಚಿಹೋಗುತ್ತವೆ. ಬೂದು ಬಣ್ಣದಲ್ಲಿ ಆ ಆಸರೆ ಇಲ್ಲ. 8 ಬಿಟ್‌ನ ಆಕಾಶ ಪ್ರಿಂಟ್‌ಗೆ ಕೊಡುವ ಸ್ಥಿತಿಯಲ್ಲೇ ಇರಲಿಲ್ಲ. ಕಪ್ಪು ಬಿಳುಪು ಜಾಸ್ತಿ ಮಾಡುವವರಾದರೆ 8 ಬಿಟ್ ಕಡೆ ಹೋಗಲೇಬೇಡಿ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಹಾಗಂತ ಎಲ್ಲ ಫೋಟೋದಲ್ಲೂ ಹೀಗಾಗುತ್ತದಾ? ಇಲ್ಲ. ಐಎಸ್‌ಒ 3200ರಲ್ಲಿ ತೆಗೆದ, ಮರ, ಗೋಡೆ, ಜನ ತುಂಬಿದ ಫೋಟೋ ಒಂದಕ್ಕೂ ಅದೇ ಪರೀಕ್ಷೆ ಮಾಡಿದೆ. ಎಷ್ಟೇ ಎಳೆದರೂ ಎರಡರ ನಡುವೆ ವ್ಯತ್ಯಾಸ ಹುಡುಕಲು ಆಗಲಿಲ್ಲ. 8 ಬಿಟ್‌ನ ಹಿಸ್ಟೋಗ್ರಾಮ್ ಇಲ್ಲೂ ಬಿಡಿಬಿಡಿಯಾಗಿತ್ತು, ಆದರೆ ಫೋಟೋ ಚೆನ್ನಾಗೇ ಇತ್ತು. ಕಾರಣ ನಾಯ್ಸ್. ಪಕ್ಕದ ಪಿಕ್ಸೆಲ್‌ಗಳು ಒಂದೆರಡು ಹಂತ ಮೇಲೆ ಕೆಳಗೆ ಆಡುತ್ತಿದ್ದರೆ ಪಟ್ಟಿಗೆ ಅಂಚೇ ಹುಟ್ಟುವುದಿಲ್ಲ. ಹಾಗಾಗಿ ಹಿಸ್ಟೋಗ್ರಾಮ್ ನೋಡಿ ಗಾಬರಿಯಾಗಬೇಕಿಲ್ಲ. ಆಕಾಶ, ಮಂಜು, ಸ್ಟುಡಿಯೋದ ಹಿನ್ನೆಲೆ, ನುಣುಪಾದ ಚರ್ಮದ ಮೇಲಿನ ನೆರಳು, ಇಂಥ ಜಾಗಗಳನ್ನು ನೋಡಿ. ಅದೂ ಝೂಮ್ 100%ರಲ್ಲಿಟ್ಟು ನೋಡಿ. ಚಿಕ್ಕದು ಮಾಡಿ ನೋಡಿದರೆ ಫೋಟೋದಲ್ಲಿ ಇಲ್ಲದ ಪಟ್ಟಿಯೂ ಪರದೆ ಮೇಲೆ ಕಾಣಬಹುದು.

ಪರದೆಯ ವಿಷಯ ಬಂತು ಅಂತ ಇದನ್ನೂ ಹೇಳಿಬಿಡುತ್ತೇನೆ. ಎಷ್ಟೋ ಮಾನಿಟರ್‌ಗಳು 8 ಬಿಟ್‌ನವು, ಕೆಲವು 6 ಬಿಟ್ ಪ್ಯಾನೆಲ್‌ನಲ್ಲೇ ಉಳಿದದ್ದನ್ನು ಮಿನುಗಿಸಿ ತೋರಿಸುತ್ತವೆ. ‘ಮಾನಿಟರೇ 8 ಬಿಟ್, ಇನ್ನು 16 ಬಿಟ್ ಯಾಕೆ?’ ಅಂತ ಕೇಳಬಹುದು. ಮಾನಿಟರ್ ತೋರಿಸುವುದು ಕೊನೆಯ ಉತ್ತರ ಮಾತ್ರ. ಆ ಉತ್ತರಕ್ಕೆ ಬರುವ ಮುಂಚೆ ನಡೆಯುವ ಲೆಕ್ಕವೆಲ್ಲ ಫೈಲ್‌ನ ಬಿಟ್‌ನಲ್ಲಿ ನಡೆಯುತ್ತದೆ. ಪಟ್ಟಿ ಫೈಲ್‌ನದೋ ಮಾನಿಟರ್‌ನದೋ ಅಂತ ಅನುಮಾನ ಬಂದರೆ ಐಡ್ರಾಪರ್ ಹಿಡಿಯಿರಿ. ಸಂಖ್ಯೆ ಒಂದೊಂದಾಗಿ ಏರುತ್ತಿದ್ದರೆ ಫೈಲ್ ಸರಿಯಿದೆ, ತಪ್ಪು ಪರದೆಯದು.

ಇನ್ನೊಂದು ಪ್ರಶ್ನೆ: ಕೈಯಲ್ಲಿರುವುದು ಬರೀ ಜೆಪೆಗ್ ಆದರೆ? ಮಾಮೂಲಿ ಜೆಪೆಗ್ ಯಾವಾಗಲೂ 8 ಬಿಟ್. ಅದನ್ನು 16 ಬಿಟ್ ಮೋಡ್‌ಗೆ ಬದಲಾಯಿಸಿದರೆ ಕಳೆದುಹೋದ ಹಂತಗಳು ವಾಪಸ್ ಬರುವುದಿಲ್ಲ. ಒಂದೇ ಕರ್ವ್ ಹಾಕಿ ನೋಡಿದಾಗ ಏನೂ ಲಾಭ ಕಾಣಲಿಲ್ಲ. ಆದರೆ ಲೆವೆಲ್ಸ್ (ಕಪ್ಪು, ಬಿಳಿಯ ಮಿತಿ ಬದಲಾಯಿಸುವ ಸಾಧನ), ಅದರ ಮೇಲೆ ಕರ್ವ್ಸ್, ಅದರ ಮೇಲೆ ಇನ್ನೊಂದು ಅಂತ ಪೇರಿಸಿದಾಗ ಫಲಿತಾಂಶ ಸ್ವಲ್ಪ ನಯವಾಯಿತು. ಸುಲಭದ ಪುರಾವೆ ಬೇಕಾದರೆ ನೀವೇ ಮಾಡಿ: ಲೆವೆಲ್ಸ್‌ನಲ್ಲಿ ಔಟ್‌ಪುಟ್‌ನ ಬಿಳಿ ಸ್ಲೈಡರ್ ಅನ್ನು 255ರಿಂದ 63ಕ್ಕೆ ಇಳಿಸಿ ಓಕೆ ಕೊಡಿ, ಮತ್ತೆ ಲೆವೆಲ್ಸ್ ತೆರೆದು ಇನ್‌ಪುಟ್‌ನ ಬಿಳಿ ಸ್ಲೈಡರ್ 63ಕ್ಕೆ ತಂದು ಮೊದಲಿನಷ್ಟಕ್ಕೆ ಹಿಗ್ಗಿಸಿ. 8 ಬಿಟ್‌ನಲ್ಲಿ ಉಳಿಯುವುದು 64 ಹಂತ. 16ಕ್ಕೆ ಬದಲಾಯಿಸಿ ಇದನ್ನೇ ಮಾಡಿದರೆ ಫೋಟೋ ಹೋದ ಹಾಗೇ ವಾಪಸ್ ಬರುತ್ತದೆ. ಆದರೆ ಜೆಪೆಗ್‌ನ ಆಕಾಶದಲ್ಲಿ 8 ಪಿಕ್ಸೆಲ್ ಅಗಲದ ಚೌಕಗಳು ಎದ್ದು ಬಂದರೆ ಅದು ಬಿಟ್ ಡೆಪ್ತ್‌ನ ತೊಂದರೆ ಅಲ್ಲ, ಕಂಪ್ರೆಶನ್‌ನದು. ಅದಕ್ಕೆ 16 ಬಿಟ್ ಮದ್ದಲ್ಲ.

ಬಣ್ಣದ ಪ್ರೊಫೈಲ್, ಅಂದರೆ ಫೈಲ್‌ನ ಸಂಖ್ಯೆಗಳು ಎಷ್ಟಗಲದ ಬಣ್ಣಗಳನ್ನು ಸೂಚಿಸುತ್ತವೆ ಅನ್ನುವುದು ಕೂಡ ಲೆಕ್ಕಕ್ಕೆ ಬರುತ್ತದೆ. ಪ್ರೋಫೋಟೋ ಆರ್‌ಜಿಬಿ ತುಂಬಾ ಅಗಲ. ಅದೇ 256 ಹಂತಗಳನ್ನು ಅಷ್ಟಗಲಕ್ಕೆ ಹರಡಿದರೆ ಹಂತಗಳ ನಡುವಿನ ಅಂತರ ಹಿಗ್ಗುತ್ತದೆ. 8 ಬಿಟ್‌ನಲ್ಲಿ ಮಾಮೂಲಿ ಪ್ರೊಫೈಲ್ ಆದ ಎಸ್‌ಆರ್‌ಜಿಬಿ ತಡೆದುಕೊಂಡ ಎಡಿಟ್ ಅನ್ನು ಪ್ರೋಫೋಟೋ ತಡೆಯಲಿಲ್ಲ. ಪ್ರೋಫೋಟೋ ಬಳಸುವುದಾದರೆ 16 ಬಿಟ್ ಕಡ್ಡಾಯ.

ಈಗ 32 ಬಿಟ್. ಇದರ ಜಾತಿಯೇ ಬೇರೆ. ಇಲ್ಲಿ ಸಂಖ್ಯೆಗಳು ದಶಮಾಂಶದ ರೂಪದಲ್ಲಿರುತ್ತವೆ, ಬಿಳಿಗಿಂತ ಬೆಳಕಾದದ್ದೂ ಫೈಲ್‌ನಲ್ಲಿ ಉಳಿಯುತ್ತದೆ. ಕತ್ತಲ ಕೋಣೆ, ಕಿಟಕಿಯಾಚೆ ಬಿಸಿಲು, ಇಂಥ ದೃಶ್ಯದ ಬೇರೆ ಬೇರೆ ಎಕ್ಸ್‌ಪೋಶರ್‌ಗಳನ್ನು ಸೇರಿಸಿ 32 ಬಿಟ್ ಮಾಡಿದೆ. ಎಕ್ಸ್‌ಪೋಶರ್ ಸ್ಲೈಡರ್ ಕೆಳಗೆಳೆದಾಗ ಪೂರ್ತಿ ಬಿಳಿಯಾಗಿ ಕಾಣುತ್ತಿದ್ದ ಕಿಟಕಿಯಲ್ಲಿ ಎಲೆಗಳು ಒಂದೊಂದಾಗಿ ಮೂಡಿದವು. ನಿಜಕ್ಕೂ ಖುಷಿಯಾಗುವ ವಿಷಯ ಅದು. ಆದರೆ ಒಂದೇ ರಾ ಫೈಲ್ ಅನ್ನು 32 ಬಿಟ್‌ಗೆ ತಂದು ಆಕಾಶದ ಪರೀಕ್ಷೆ ಮಾಡಿದರೆ 16ಕ್ಕಿಂತ ಚೂರೂ ಚೆನ್ನಾಗಿರಲಿಲ್ಲ. ಸೆನ್ಸರ್ ಕೊಡದ ಮಾಹಿತಿ ಎಲ್ಲಿಂದ ಬರಬೇಕು? ಮೇಲಾಗಿ ಫೋಟೋಶಾಪ್‌ನ ಎಷ್ಟೋ ಫಿಲ್ಟರ್, ಅಡ್ಜಸ್ಟ್‌ಮೆಂಟ್‌ಗಳು 32 ಬಿಟ್‌ನಲ್ಲಿ ಕೆಲಸ ಮಾಡುವುದಿಲ್ಲ. ಉಚಿತ ಎಡಿಟಿಂಗ್ ತಂತ್ರಾಂಶ ಗಿಂಪ್‌ನಲ್ಲಿ ಪರಿಸ್ಥಿತಿ ವಾಸಿ. 2018ರಲ್ಲಿ ಬಂದ 2.10ನೇ ಆವೃತ್ತಿಯಿಂದ 16, 32 ಬಿಟ್ ಎರಡೂ ಅದರಲ್ಲಿವೆ.

ಭಾರದ ಲೆಕ್ಕ ನೇರ. 24 ಮೆಗಾಪಿಕ್ಸೆಲ್ ಫೋಟೋದ ಒಂದು ಪದರ (ಲೇಯರ್) 8 ಬಿಟ್‌ನಲ್ಲಿ 72 ಎಂಬಿ, 16ರಲ್ಲಿ 144, 32ರಲ್ಲಿ 288. ನಾಲ್ಕೈದು ಪದರ ಸೇರಿದರೆ ಹಳೇ ಲ್ಯಾಪ್‌ಟಾಪ್ ನಿಧಾನ ಆಗೋದು ಸಹಜ. ಅದು ನಿಜವಾದ ತೊಂದರೆ. ಆದರೂ ರಾ ತೆಗೆಯುವವರು ಕೆಲಸದ ಫೈಲ್ ಅನ್ನು 16 ಬಿಟ್‌ನಲ್ಲೇ ಇಡಬೇಕು ಅನ್ನೋದು ನನ್ನ ಅಭಿಪ್ರಾಯ. ಕತ್ತರಿಸಿ, ಬೆಳಕು ಸ್ವಲ್ಪ ಏರಿಸಿ ಯಾರಿಗಾದರೂ ಕಳಿಸುವ ಫೋನ್ ಫೋಟೋಗೆ 8 ಬಿಟ್ ಬೇಕಾದಷ್ಟಾಯಿತು.

16ರಲ್ಲಿ ಮಾಡಿದ ಕೆಲಸವನ್ನು ಕೊನೆಗೆ ಜೆಪೆಗ್‌ಗಾಗಿ 8ಕ್ಕೆ ಇಳಿಸುವಾಗ ಒಂದು ಎಚ್ಚರ ಇರಲಿ. ಪದರಗಳನ್ನು ಹಾಗೇ ಬಿಟ್ಟು ಮೋಡ್ ಬದಲಾಯಿಸಿದರೆ ಕೆಳಗಿನ ಫೋಟೋ ಮೊದಲು 8 ಬಿಟ್ ಆಗುತ್ತದೆ, ಅಡ್ಜಸ್ಟ್‌ಮೆಂಟ್‌ಗಳೆಲ್ಲ ಅದರ ಮೇಲೆ ಹೊಸದಾಗಿ ಲೆಕ್ಕ ಹಾಕುತ್ತವೆ. ಇಲ್ಲದಿದ್ದ ಪಟ್ಟಿ ಕಣ್ಣೆದುರೇ ಬರುತ್ತದೆ. ನಕಲು ಫೈಲ್ ಮಾಡಿ, ಪದರಗಳನ್ನು ಫ್ಲ್ಯಾಟನ್ ಮಾಡಿ (ಎಲ್ಲ ಸೇರಿಸಿ ಒಂದೇ ಪದರ ಮಾಡಿ), ಆಮೇಲೆ 8 ಬಿಟ್‌ಗೆ ಇಳಿಸಿ. ಮೂಲ 16 ಬಿಟ್ ಫೈಲ್ ಪದರಗಳ ಸಮೇತ ಹಾಗೇ ಇರಲಿ.