ಡ್ರಿಲ್ ಬಿಟ್‌ಗೆ ಮನೆಯಲ್ಲೇ ಸಾಣೆ: ಯಾವುದು ತಗೊಳ್ಳಬಹುದು, ಯಾವುದು ಬೇಡ

ಮೊದಲೇ ಹೇಳಿಬಿಡುತ್ತೇನೆ: ಡ್ರಿಲ್ ಮಷೀನಿನ ಮೂತಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಸಾಣೆ ಡಬ್ಬಿ ತಗೊಳ್ಳಬೇಡಿ. ಬೆಂಚ್ ಗ್ರೈಂಡರ್ (ಮೇಜಿನ ಮೇಲೆ ಕೂರುವ ಸಾಣೆಕಲ್ಲಿನ ಮಷೀನು) ಪಕ್ಕ ಕೂರಿಸುವ ಅಲ್ಯೂಮಿನಿಯಂ ಜಿಗ್, ಅಂದರೆ ಬಿಟ್ ಅನ್ನು ಸರಿಯಾದ ಓರೆಯಲ್ಲಿ ಹಿಡಿದುಕೊಳ್ಳುವ ಸಾಧನ, ತಗೊಳ್ಳಬಹುದು, ಆದರೆ ಅದರ ಜೊತೆ ಬರುವ ಚೀಟಿಯನ್ನು ನಂಬಬೇಡಿ. ನನ್ನ ಮಟ್ಟಿಗೆ ಕೊಟ್ಟ ದುಡ್ಡಿಗೆ ಸರಿಯಾಗಿ ದುಡಿದಿದ್ದು ಬರೀ ಗ್ರೈಂಡರ್, ಎರಡು ನಟ್ಟು ಮತ್ತು ಒಂದು ಮಾರ್ಕರ್ ಪೆನ್ನು.

ನಾನು ಸಾಗರದ ಹತ್ತಿರ ಅಡಿಕೆ ತೋಟ ಮಾಡಿಕೊಂಡಿರುವವನು, ಫ್ಯಾಬ್ರಿಕೇಶನ್ ಅಂಗಡಿಯವನಲ್ಲ. ಆದರೆ ನಮ್ಮ ಕಡೆ ಅಡಿಕೆ ಒಣಗಿಸುವ ಅಂಗಳದ ಚಪ್ಪರಕ್ಕೆ ಅಡಿಕೆ ಮರದ ಕಂಬ, ದಬ್ಬೆ ಹೋಗಿ ಜಿ.ಐ. ಪೈಪು, ಯುವಿ ಶೀಟು ಬಂದ ಮೇಲೆ ತೋಟದವನ ಮನೆಯಲ್ಲೂ ಡ್ರಿಲ್ ಮಷೀನು ಇರಲೇಬೇಕು ಅನ್ನುವ ಹಾಗಾಗಿದೆ. ಪೈಪಿಗೆ ತೂತು, ಆ್ಯಂಗಲ್ಲಿಗೆ ತೂತು, ಪಂಪ್‌ಹೌಸ್ ಬಾಗಿಲಿನ ಪಟ್ಟಿಗೆ ತೂತು. ಹೆಚ್ಚು ಬೇಕಾಗುವುದು 6, 8, 10 ಮಿಲಿಮೀಟರಿನ ಬಿಟ್‌ಗಳು. ಒಳ್ಳೆ ಕಂಪನಿಯ 10ರದ್ದಕ್ಕೆ ನಮ್ಮ ಪೇಟೆಯಲ್ಲಿ ಇನ್ನೂರು ರೂಪಾಯಿ ಆಸುಪಾಸು. ಮೊಂಡಾದಾಗೆಲ್ಲ ಹೊಸದು ತರುವುದು ನನಗೆ ಒಗ್ಗುವುದಿಲ್ಲ. ಲೇತ್ ಅಂಗಡಿಯಲ್ಲಿ ಒಂದಕ್ಕೆ ಇಪ್ಪತ್ತು ರೂಪಾಯಿಗೆ ಚೆನ್ನಾಗಿಯೇ ಸಾಣೆ ಹಿಡಿದು ಕೊಡುತ್ತಾರೆ, ಆದರೆ ಅದಕ್ಕೆ ಬೈಕು ಹತ್ತಿ ಪೇಟೆಗೆ ಹೋಗಬೇಕು, ಅವರ ಕೈ ಬಿಡುವಾಗುವ ತನಕ ಕಾಯಬೇಕು. ಚಪ್ಪರದ ಕೆಲಸ ಅರ್ಧಕ್ಕೆ ನಿಂತಿರುವಾಗ ಅದು ಆಗುವ ಮಾತಲ್ಲ.

ಸಾಮಾನುಗಳ ಬಗ್ಗೆ ಹೇಳುವ ಮೊದಲು ಬಿಟ್‌ನ ತುದಿಯನ್ನು ಒಮ್ಮೆ ಸರಿಯಾಗಿ ನೋಡಬೇಕು. ಇದು ಗೊತ್ತಿಲ್ಲದೆ ಯಾವ ಸಾಧನ ತಂದರೂ ದಂಡ. ತುದಿಯಲ್ಲಿ ಎರಡು ಅಲಗು, ನಡುವೆ ಒಂದು ಸಣ್ಣ ಅಡ್ಡ ಗೆರೆ. ಮಾಮೂಲಿ ಬಿಟ್‌ನಲ್ಲಿ ಎರಡೂ ಅಲಗು ಸೇರಿ ಆಗುವ ಕೋನ 118 ಡಿಗ್ರಿ. ಸ್ಟೀಲಿನಂಥ ಗಟ್ಟಿ ಲೋಹಕ್ಕೆ ಬರುವವು 135. ಕೋನ ಒಂದೆರಡು ಡಿಗ್ರಿ ಆಚೀಚೆ ಆದರೆ ಪೈಪಿಗೇನೂ ಬೇಸರವಿಲ್ಲ. ಮುಖ್ಯವಾದದ್ದು ಬೇರೆ ಎರಡು. ಒಂದು, ಎರಡೂ ಅಲಗು ಒಂದೇ ಉದ್ದ, ಒಂದೇ ಓರೆ ಇರಬೇಕು. ಇಲ್ಲದಿದ್ದರೆ ಒಂದೇ ಅಲಗು ಕೆಲಸ ಮಾಡುತ್ತದೆ, ತೂತು ಬಿಟ್‌ಗಿಂತ ದೊಡ್ಡದಾಗುತ್ತದೆ. ಎರಡು, ಅಲಗಿನ ಹಿಂಬದಿ ಅಲಗಿಗಿಂತ ತಗ್ಗಿರಬೇಕು. ಸುಮಾರು 8ರಿಂದ 15 ಡಿಗ್ರಿಯ ಇಳಿಜಾರು. ಆ ಇಳಿಜಾರಿಲ್ಲದಿದ್ದರೆ ಅಲಗು ಕಬ್ಬಿಣವನ್ನು ಮುಟ್ಟುವ ಮೊದಲೇ ಹಿಂಬದಿ ಹೋಗಿ ಉಜ್ಜುತ್ತದೆ. ಕಿರ್ರ್ ಅನ್ನುವ ಸದ್ದು, ಹೊಗೆ, ಎದೆ ಕೊಟ್ಟು ಒತ್ತಿದರೂ ತೂತಿಲ್ಲ. ಕತ್ತಿ ಮಸೆದ ಹಾಗೆ ಮಿರಿಮಿರಿ ಮಿಂಚಿಬಿಟ್ಟರೆ ಬಿಟ್ ಹರಿತವಾಯಿತು ಅಂದುಕೊಳ್ಳುವವರು ಇಲ್ಲೇ ಸಿಕ್ಕಿಬೀಳುವುದು. ಆನ್‌ಲೈನಿನಲ್ಲಿ ಈ ಸಾಮಾನುಗಳಿಗೆ ಐದು ಚುಕ್ಕಿ ಕೊಟ್ಟು 'ಹೊಸದರ ಹಾಗೆ ಹೊಳೆಯುತ್ತದೆ' ಅಂತ ಬರೆದವರಲ್ಲಿ ಎಷ್ಟು ಜನ ಆಮೇಲೆ ಅದರಲ್ಲಿ ತೂತು ಕೊರೆದರೋ ದೇವರೇ ಬಲ್ಲ.

ಈಗ ಪ್ಲಾಸ್ಟಿಕ್ ಡಬ್ಬಿ. ನಾನು ಕೊಟ್ಟಿದ್ದು ₹499. ಮೇಲೆ ಸಾಲಾಗಿ ತೂತುಗಳು, 3.5ರಿಂದ 10 ಮಿಲಿಮೀಟರ್ ತನಕ ಅರ್ಧರ್ಧ ಹೆಚ್ಚುತ್ತಾ ಹೋಗುತ್ತವೆ. ಒಳಗೆ ಪುಟ್ಟದೊಂದು ಸಾಣೆಕಲ್ಲು. ಡ್ರಿಲ್ ಮಷೀನಿನ ಚಕ್ (ಬಿಟ್ ಕಚ್ಚಿ ಹಿಡಿಯುವ ಬಾಯಿ) ಆ ಕಲ್ಲನ್ನು ತಿರುಗಿಸುತ್ತದೆ, ನೀವು ಬಿಟ್ ಅನ್ನು ತೂತಿಗೆ ಇಳಿಸಿ ಆಚೆ ಈಚೆ ಹೊರಳಿಸಬೇಕು. ಮೊದಲ ತೊಡಕು ಕೂರಿಸುವುದರಲ್ಲೇ. ಡಬ್ಬಿಯ ಕೊರಳು 43 ಮಿಲಿಮೀಟರಿನದು, ಅಂದರೆ ಪಕ್ಕದ ಹಿಡಿ ಸಿಕ್ಕಿಸಲು ಕತ್ತು ಬಿಟ್ಟಿರುವ ವೈರಿನ ಹ್ಯಾಮರ್ ಡ್ರಿಲ್‌ಗಳಿಗೆ ಆಗುವ ಅಳತೆ. ನನ್ನ ಬ್ಯಾಟರಿ ಡ್ರಿಲ್‌ಗೆ ಆ ಕತ್ತೇ ಇಲ್ಲ. ಮಾರುವವರು ಇದನ್ನು ಎಲ್ಲೂ ಎದ್ದು ಕಾಣುವಂತೆ ಬರೆದಿರುವುದಿಲ್ಲ.

ವೈರಿನ ಡ್ರಿಲ್‌ಗೆ ಕೂರಿಸಿದ ಮೇಲಾದರೂ ಸುಖವಿಲ್ಲ. ತೂತುಗಳು ಸಡಿಲ. 8ರ ಬಿಟ್ 8ರ ತೂತಿನಲ್ಲಿ ಅಲ್ಲಾಡುತ್ತದೆ, ಅಲ್ಲಾಡಿದಂತೆ ಕೋನವೂ ಅಲ್ಲಾಡುತ್ತದೆ. ಎರಡೂ ಅಲಗು ಸಮವಾಗಿ ಬರುವುದು ಅದೃಷ್ಟದ ಮೇಲೆ ನಿಂತಿದೆ. ಹಿಂಬದಿಯ ಇಳಿಜಾರಂತೂ ಡಬ್ಬಿಯ ಒಳಗೆ ಕಣ್ಣಿಗೇ ಕಾಣುವುದಿಲ್ಲ; ತೆಗೆದು ನೋಡುವ ಹೊತ್ತಿಗೆ ಕಲ್ಲು ತಿನ್ನುವುದನ್ನೆಲ್ಲ ತಿಂದಿರುತ್ತದೆ. ಸ್ವಲ್ಪ ಮೊಂಡಾಗಿದ್ದ 6ರ ಬಿಟ್ ಒಂದಿಷ್ಟು ಸುಧಾರಿಸಿತು, ನಿಜ. ತುದಿ ಸುಟ್ಟುಹೋಗಿದ್ದ 10ರದ್ದು ಕೊನೆಗೂ ಕಬ್ಬಿಣ ಕಚ್ಚಲಿಲ್ಲ. ಅಷ್ಟರಲ್ಲಿ ಒಳಗಿನ ಕಲ್ಲಿಗೇ ಗುಳಿ ಬಿದ್ದಿತ್ತು.

ಎರಡನೆಯದು ಗ್ರೈಂಡರ್ ಜಿಗ್, ₹850. ಎರಕದ ಅಲ್ಯೂಮಿನಿಯಂ, ಬಿಟ್ ಮಲಗಿಸಲು ಇಂಗ್ಲಿಷಿನ ವಿ ಆಕಾರದ ತೊಟ್ಟಿ, ಹಿಂದೆ ಸೂಕ್ಷ್ಮವಾಗಿ ಮುಂದೂಡಲು ತಿರುಪು, ಕೆಳಗೆ ಬಾಗಿಲಿನ ಕೀಲಿನಂತೆ ತಿರುಗುವ ಗೂಟ. ಮೈಮೇಲೆ 41, 49, 59, 68, 88 ಅಂತ ಕೋನದ ಗುರುತುಗಳಿವೆ. ಇವು ಅರ್ಧ ಕೋನಗಳು. 118 ಬೇಕಾದರೆ 59ಕ್ಕೆ ನಿಲ್ಲಿಸಬೇಕು, ಹೆಚ್ಚುಕಡಿಮೆ 135 ಬೇಕಾದರೆ 68ಕ್ಕೆ. ಜೊತೆಗೆ ಬಂದ ಚೀಟಿಯ ಇಂಗ್ಲಿಷು ಓದಿದರೆ ಇಷ್ಟೂ ಗೊತ್ತಾಗುವುದಿಲ್ಲ.

ಇದರ ಉಪಾಯ ನಿಜವಾಗಿ ಒಳ್ಳೆಯದು. ಬಿಟ್ ಅನ್ನು ಗೂಟದ ಸುತ್ತ ತೂಗಿದಾಗ ಅಲಗಿನಿಂದ ಹಿಂಬದಿಗೆ ಇಳಿಜಾರು ತಾನಾಗಿ ಬೀಳುತ್ತದೆ, ಅದೂ ಎರಡೂ ಬದಿಗೆ ಒಂದೇ ರೀತಿ. ಷರತ್ತು ಏನೆಂದರೆ ಬಿಟ್ ತೊಟ್ಟಿಯಿಂದ ಎಷ್ಟು ಮುಂದೆ ಚಾಚಿದೆ ಅನ್ನುವುದರ ಮೇಲೆ ಇಳಿಜಾರು ಬದಲಾಗುತ್ತದೆ. ಅದಕ್ಕೇ ಮಾರ್ಕರ್ ಪೆನ್ನು: ತುದಿಗೆಲ್ಲ ಮಸಿ ಬಳಿದು, ಗ್ರೈಂಡರ್ ಆಫ್ ಇರುವಾಗಲೇ ಕಲ್ಲನ್ನು ಕೈಯಲ್ಲಿ ತಿರುಗಿಸಿ ಒಮ್ಮೆ ಮುಟ್ಟಿಸಿ ನೋಡಿ. ಮಸಿ ಅಲಗಿನ ಹತ್ತಿರ ಹೋಗಿದೆಯೋ ಹಿಂಬದಿಯಲ್ಲಿ ಹೋಗಿದೆಯೋ ಅಂತ ನೋಡಿಕೊಂಡು ಚಾಚು ಸರಿಮಾಡಿಕೊಳ್ಳಬೇಕು. ಒಂದು ಅಲಗು ಮುಗಿದ ಮೇಲೆ ಬಿಟ್ ಅನ್ನು ಅರ್ಧ ಸುತ್ತು ಹೊರಳಿಸಿ, ಅಲಗನ್ನು ಮುಂದಿನ ತಗಡಿನ ನಾಲಗೆಗೆ ಸರಿಯಾಗಿ ತಾಗಿಸಿ ಬಿಗಿದು ಎರಡನೆಯದು. ಹಿಂದಿನ ತಿರುಪನ್ನು ಮಾತ್ರ ನಡುವೆ ಮುಟ್ಟಕೂಡದು.

ನನ್ನ ತಕರಾರು ಮೂರು. ಮೂರು ಮಿಲಿಮೀಟರಿನಿಂದಲೇ ಆಗುತ್ತದೆ ಅಂತ ಪೆಟ್ಟಿಗೆ ಮೇಲೆ ಬರೆದಿದೆ. ಐದಕ್ಕಿಂತ ಸಣ್ಣವು ತೊಟ್ಟಿಯಲ್ಲಿ ನೆಟ್ಟಗೆ ಕೂರುವುದೇ ಇಲ್ಲ. ಎರಕದ ಅಂಚುಗಳನ್ನು ನಾನೇ ಅರದಿಂದ ಉಜ್ಜಿ ನಯ ಮಾಡಬೇಕಾಯಿತು, ಗೂಟ ಗಡಗಡ ಅನ್ನುತ್ತಿತ್ತು. ಮೂರನೆಯದು ದೊಡ್ಡದು: ಈ ಜಿಗ್ ಬಿಟ್ ಅನ್ನು ಕಲ್ಲಿನ ಅಂಚಿಗಲ್ಲ, ಪಕ್ಕದ ಚಪ್ಪಟೆ ಮುಖಕ್ಕೆ ತಾಗಿಸುತ್ತದೆ. ಮಾಮೂಲಿ ಚಕ್ರದ ಕಲ್ಲು ಪಕ್ಕದಿಂದ ಒತ್ತಡ ತಡೆಯಲು ಮಾಡಿದ್ದಲ್ಲ. ಅದಕ್ಕೆ ಬಟ್ಟಲಿನಾಕಾರದ ಕಲ್ಲುಗಳು ಬೇರೆ ಇವೆ. ದಪ್ಪ ಕಲ್ಲಿಗೆ ಮೆಲ್ಲಗೆ ಮುಟ್ಟಿಸುವವರು ಬಹಳ ಜನ ಇದ್ದಾರೆ, ನಾನೂ ಹಾಗೇ ಮಾಡುತ್ತೇನೆ. ಆದರೆ ತೆಳ್ಳನೆಯ ಕಲ್ಲಿಗೆ ಇದನ್ನು ಕಟ್ಟಿ ಒತ್ತುವ ಸಾಹಸ ಬೇಡ. ಕಲ್ಲು ಹಾಕುವ ಮೊದಲು ಬೆರಳಿಗೆ ನೇತುಹಾಕಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಠಣ್ ಅಂದರೆ ಸರಿ, ಬೊದ್ದೆ ಸದ್ದು ಬಂದರೆ ಬಿರುಕಿದೆ, ಎಸೆಯಿರಿ. ಕನ್ನಡಕ ಹಾಕಿಕೊಳ್ಳಿ, ಕೈಗೆ ಗ್ಲೌಸ್ ಬೇಡ, ಲುಂಗಿ ಮೇಲೆ ಕಟ್ಟಿ.

ಅಂತೂ 8ಕ್ಕಿಂತ ದೊಡ್ಡ ಬಿಟ್‌ಗಳಿಗೆ ಜಿಗ್ ಒಳ್ಳೆಯದೇ. 12ರ ಬಿಟ್ ಒಂದನ್ನು ಪೂರ್ತಿ ಮುರಿದ ತುದಿಯಿಂದ ಮತ್ತೆ ಎಬ್ಬಿಸಿದ್ದು ಇದರಲ್ಲೇ. ಆದರೆ ಹೊಂದಿಸುವುದಕ್ಕೆ ಹಿಡಿಯುವ ಹೊತ್ತಿನಲ್ಲಿ ಲೇತ್ ಅಂಗಡಿಯವರು ಅಂಥವು ಹತ್ತು ಮುಗಿಸುತ್ತಾರೆ.

ಆ ಅಂಗಡಿಯಲ್ಲಿ ವಯಸ್ಸಾದ ಟರ್ನರ್ ಒಬ್ಬರಿದ್ದಾರೆ. ಜಿಗ್ ತೋರಿಸಿದಾಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಚೆನ್ನಾಗಿದೆ ಹೆಗ್ಡೇರೆ, ಪೇಪರ್ ಹಾರದಂಗೆ ಇಡೋಕೆ ಬರ್ತದೆ" ಅಂದರು. ಆಮೇಲೆ ತಾವೇ ಕೈ ಹಿಡಿದು ತೋರಿಸಿದರು. ಗ್ರೈಂಡರಿನ ಮುಂದಿನ ಆಸರೆಯ ಮೇಲೆ ಎಡಗೈ ಬೆರಳು, ಬೆರಳ ಮೇಲೆ ಬಿಟ್. ಕಲ್ಲಿನ ಮುಖಕ್ಕೆ 59 ಡಿಗ್ರಿ ಓರೆ. ಅಲಗು ನೆಲಕ್ಕೆ ಸಮವಾಗಿ ಮಲಗಿರಬೇಕು, ಬಿಟ್‌ನ ಬಾಲ ತುಸು ಕೆಳಗೆ. ಅಲಗನ್ನು ಕಲ್ಲಿಗೆ ತಾಗಿಸಿ, ತಾಗಿದ ಕೂಡಲೇ ಬಾಲವನ್ನು ಕೆಳಗಿಳಿಸುತ್ತಾ ಹೋಗಬೇಕು. ಹಿಂಬದಿಯ ಇಳಿಜಾರು ಬರುವುದು ಆ ಇಳಿಸುವಿಕೆಯಲ್ಲೇ. ಒಂದು ಬದಿಗೆ ಎಷ್ಟು ಸಲವೋ ಇನ್ನೊಂದಕ್ಕೂ ಅಷ್ಟೇ ಸಲ. "ಒತ್ತಬ್ಯಾಡಿ, ಮುಟ್ಟಿಸಿ ಸಾಕು. ಕಲ್ಲಿಗೆ ಅದರ ಕೆಲಸ ಗೊತ್ತು." ಆಸರೆ ಮತ್ತು ಕಲ್ಲಿನ ನಡುವೆ ಮೂರು ಮಿಲಿಮೀಟರಿಗಿಂತ ಹೆಚ್ಚು ಸಂದು ಬಿಡಬೇಡಿ ಅಂತಲೂ ಹೇಳಿದರು, ಬಿಟ್ ಒಳಗೆ ಸಿಕ್ಕಿಕೊಂಡರೆ ಬೆರಳೂ ಹೋಗುತ್ತದೆ.

ಕೋನ ನೋಡುವುದಕ್ಕೆ ಎರಡು ನಟ್ಟು. ಒಂದೇ ಅಳತೆಯ ಆರು ಮೂಲೆಯ ನಟ್ಟುಗಳನ್ನು ಒಂದರ ಚಪ್ಪಟೆ ಬದಿ ಇನ್ನೊಂದಕ್ಕೆ ತಾಗುವಂತೆ ಮೇಜಿನ ಮೇಲೆ ಜೋಡಿಸಿದರೆ, ಅವುಗಳ ನಡುವಿನ ಕಣಿವೆ 120 ಡಿಗ್ರಿ. ಬಿಟ್ ತುದಿಯನ್ನು ಅದರಲ್ಲಿಟ್ಟು ಬೆಳಕಿಗೆ ಹಿಡಿದರೆ ಯಾವ ಅಲಗು ಎಲ್ಲಿ ತಪ್ಪಿದೆ ಅಂತ ಸಂದಿನಲ್ಲೇ ಕಾಣುತ್ತದೆ. ಆಮೇಲೆ ಕೊರೆದು ನೋಡುವುದು. ಬಿಟ್‌ನ ಮೈಮೇಲೆ ಸುತ್ತಿಕೊಂಡಿರುವ ಎರಡೂ ಕಾಲುವೆಯಿಂದ ಒಂದೇ ದಪ್ಪದ ಸುರುಳಿ ಎದ್ದು ಬಂದರೆ ಗೆದ್ದಿರಿ. ಒಂದರಿಂದ ಸುರುಳಿ, ಇನ್ನೊಂದರಿಂದ ಪುಡಿ ಬಂದರೆ ಮತ್ತೆ ಕಲ್ಲಿನ ಹತ್ತಿರ ನಡೆಯಿರಿ.

ಗ್ರೈಂಡರ್ ಬಗ್ಗೆ ಎರಡು ಮಾತು. ನನ್ನದು ಆರಿಂಚಿನ ಕಲ್ಲಿನ ಸಾಧಾರಣ ಮಷೀನು, ಸುಮಾರು ₹2,400 ಬಿತ್ತು. ಮಳೆಗಾಲದಲ್ಲಿ ವೋಲ್ಟೇಜು ಬಿದ್ದಾಗ ಪೂರ್ತಿ ವೇಗಕ್ಕೆ ಬರಲು ಏದುಸಿರು ಬಿಡುತ್ತದೆ. ಜೊತೆಗೆ ಬಂದ 36 ಗ್ರಿಟ್‌ನ ಕಲ್ಲು ಬಿಟ್‌ಗೆ ತೀರಾ ಒರಟು (ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ). ಒಂದು ಬದಿಗೆ 80ರದ್ದು ಹಾಕಿಸಿಕೊಂಡೆ. ಇದೇ ಗ್ರೈಂಡರಿನಲ್ಲಿ ತೋಟದ ಕತ್ತಿ, ಹಾರೆ, ಉಳಿ ಎಲ್ಲದರ ಕೆಲಸವೂ ನಡೆಯುವುದರಿಂದ ಬರೀ ಬಿಟ್‌ಗೆಂದು ಅದರ ಲೆಕ್ಕ ಹಾಕುವುದು ನ್ಯಾಯವಲ್ಲ. ಕಲ್ಲಿನ ಮುಖ ನುಣುಪಾಗಿ ಮಿರುಗತೊಡಗಿದರೆ ಡ್ರೆಸರ್ ಅನ್ನುವ, ಕಲ್ಲಿನ ಮುಖ ಹೊಸದಾಗಿಸುವ ಸಾಧನ ಹಿಡಿದು ಕೆರೆಯಬೇಕು. ಮಿರುಗುವ ಕಲ್ಲು ಕೊರೆಯುವುದಿಲ್ಲ, ಬರೀ ಬಿಸಿ ಮಾಡುತ್ತದೆ.

ಬಿಸಿಯ ವಿಷಯದಲ್ಲಿ ನಮ್ಮಲ್ಲಿ ಅನಗತ್ಯ ಭಯ ಜಾಸ್ತಿ. ತುದಿ ನೀಲಿಯಾದರೆ ಬಿಟ್ ಸತ್ತಿತು ಅನ್ನುತ್ತಾರೆ. ಸಾದಾ ಕಾರ್ಬನ್ ಉಕ್ಕಿನದಾದರೆ ಆ ಮಾತು ಸರಿ. ಆದರೆ ಲೋಹ ಕೊರೆಯುವ ಒಳ್ಳೆ ಬಿಟ್‌ಗಳನ್ನು ಮಾಡುವ ಹೈಸ್ಪೀಡ್ ಸ್ಟೀಲ್ ಸುಮಾರು 600 ಡಿಗ್ರಿ ಸೆಲ್ಸಿಯಸ್ ತನಕ ಗಡಸುತನ ಬಿಡುವುದಿಲ್ಲ. ನೀಲಿ ಬಣ್ಣ ಬರುವುದು ಅದರ ಅರ್ಧದ ಹತ್ತಿರವೇ. ಅದಕ್ಕಿಂತ ಕೆಡುಕು ಕೆಂಪಗೆ ಕಾದದ್ದನ್ನು ಚುಂಯ್ ಅಂತ ನೀರಿಗೆ ಅದ್ದುವುದು. ಕಣ್ಣಿಗೆ ಕಾಣದ ಬಿರುಕು ಬಿಟ್ಟು ಆಮೇಲೆ ಅಲಗು ಉದುರುತ್ತದೆ. ಕಾಯುವ ಮೊದಲೇ ಆಗಾಗ ಅದ್ದುತ್ತಿದ್ದರೆ ತೊಂದರೆಯಿಲ್ಲ.

ಇನ್ನೊಂದು ಲಾಭ ನಾನು ನಿರೀಕ್ಷಿಸಿರಲಿಲ್ಲ: ಯಾವ ಬಿಟ್ ಅಸಲಿ ಅಂತ ಕಲ್ಲು ಹೇಳಿಬಿಡುತ್ತದೆ. ಹೈಸ್ಪೀಡ್ ಸ್ಟೀಲಿನ ಕಿಡಿ ಮಂಕು, ಕೆಂಪು-ಕಿತ್ತಳೆ, ಸಿಡಿಯುವುದು ಕಡಿಮೆ. ಕಾರ್ಬನ್ ಉಕ್ಕಾದರೆ ಸುರುಸುರು ಬತ್ತಿಯ ಹಾಗೆ ಬೆಳ್ಳಗೆ ನಕ್ಷತ್ರ ಸಿಡಿಯುತ್ತದೆ. ಜಾತ್ರೆಯಲ್ಲಿ ಕೊಂಡ ಹದಿಮೂರು ಬಿಟ್‌ಗಳ ಬಂಗಾರದ ಬಣ್ಣದ ಸೆಟ್ಟು, ಮೈಮೇಲೆ ಎಚ್.ಎಸ್.ಎಸ್. (ಹೈಸ್ಪೀಡ್ ಸ್ಟೀಲ್) ಅಂತ ಕೆತ್ತಿದ್ದು, ಒಂದೊಂದೂ ಬೆಳ್ಳಗೆ ಸಿಡಿಯಿತು. ಅಂಥದ್ದಕ್ಕೆ ಸಾಣೆ ಹಿಡಿಯುತ್ತ ಕೂರಬೇಡಿ, ಮರಕ್ಕೆ ಇಟ್ಟುಕೊಳ್ಳಿ.

ಸಾಣೆ ಹಿಡಿದದ್ದು ಉಳಿಯಬೇಕಾದರೆ ಮಷೀನಿನ ವೇಗ ಇಳಿಸಬೇಕು. ಸಾದಾ ಕಬ್ಬಿಣಕ್ಕೆ ಅಲಗಿನ ವೇಗ ನಿಮಿಷಕ್ಕೆ 25ರಿಂದ 30 ಮೀಟರ್ ಸಾಕು. 10ರ ಬಿಟ್‌ಗೆ ಅದು ನಿಮಿಷಕ್ಕೆ 800ರಿಂದ 950 ಸುತ್ತು. ಕೈ ಡ್ರಿಲ್‌ನ ಟ್ರಿಗರ್ ಪೂರ್ತಿ ಒತ್ತಿ 2,800ರಲ್ಲಿ ಓಡಿಸಿದರೆ ಸುಮಾರು 88 ಮೀಟರ್ ಆಯಿತು, ಅಂದರೆ ಮೂರು ಪಟ್ಟು. ಸ್ಟೇನ್‌ಲೆಸ್ ಸ್ಟೀಲಿನ ಮೇಲೆ ಹಾಗೆ ಉಜ್ಜಿದರಂತೂ ಆ ಜಾಗವೇ ಇನ್ನಷ್ಟು ಗಡಸಾಗಿ ಬಿಟ್ ಅನ್ನು ತಿನ್ನುತ್ತದೆ. ನಿಧಾನ, ಗಟ್ಟಿ ಒತ್ತು, ಒಂದೆರಡು ಹನಿ ಎಣ್ಣೆ. ಕಟಿಂಗ್ ಆಯಿಲ್ ಇಲ್ಲದಿದ್ದರೆ ತೆಂಗಿನೆಣ್ಣೆಯೂ ನಡೆಯುತ್ತದೆ, ಅಡುಗೆಮನೆಯಿಂದ ಒಪ್ಪಿಗೆ ಪಡೆದು.

ಉಳಿದವು ಚಿಕ್ಕವು. ಎಟಿಎಂ ಕಾರ್ಡಿನಷ್ಟು ದೊಡ್ಡ ಡೈಮಂಡ್ ತಗಡು ₹180ಕ್ಕೆ ಸಿಗುತ್ತದೆ. ತೀರಾ ಹಾಳಾಗದ ಬಿಟ್‌ನ ಹಿಂಬದಿಗೆ ನಾಲ್ಕು ಸಲ ಎಳೆದರೆ ಅಲಗು ಮರಳುತ್ತದೆ, ನಡುವೆ ಮೊನೆಯಿರುವ ಮರದ ಬಿಟ್‌ಗಂತೂ ಇದೇ ಸರಿ. ಕರೆಂಟಿಲ್ಲದಾಗಲೂ ಆಗುತ್ತದೆ, ಜೇಬಿನಲ್ಲಿ ಹಾಕಿಕೊಂಡು ತೋಟಕ್ಕೂ ಒಯ್ಯಬಹುದು. ಮೂರು, ಮೂರೂವರೆ ಮಿಲಿಮೀಟರಿನವು ಮೊಂಡಾದರೆ ನಾನು ಎಸೆಯುತ್ತೇನೆ. ಗೋಡೆ ಕೊರೆಯುವ ಬಿಟ್‌ಗಳ ತುದಿ ಟಂಗ್‌ಸ್ಟನ್ ಕಾರ್ಬೈಡ್. ಬೂದು ಕಲ್ಲಿಗೆ ಅದು ಜಗ್ಗುವುದಿಲ್ಲ, ಹಸಿರು ಸಿಲಿಕಾನ್ ಕಾರ್ಬೈಡ್ ಕಲ್ಲೋ ಡೈಮಂಡೋ ಬೇಕು. ನಮ್ಮ ಗೋಡೆಗಳು ಜಂಬಿಟ್ಟಿಗೆಯವು, ಬಿಟ್ ಸವೆಯುವುದೇ ಅಪರೂಪ, ಸವೆದರೂ ನಲವತ್ತು ರೂಪಾಯಿಗೆ ಹೊಸದು ಬರುತ್ತದೆ. ಆರ್‌ಸಿಸಿ ಕೊರೆಯುವವರಾದರೆ ಹಸಿರು ಕಲ್ಲಿನ ಖರ್ಚು ಮಾಡಿ ನೋಡಬಹುದು.

ಚುಕ್ಕಿ ಲೆಕ್ಕ ಬೇಕೇ ಬೇಕೆನ್ನುವವರಿಗೆ, ಐದಕ್ಕೆ: ಪ್ಲಾಸ್ಟಿಕ್ ಡಬ್ಬಿಗೆ ಒಂದು, ಅದೂ ಆ ಪುಟ್ಟ ಕಲ್ಲನ್ನು ಬೇರೆ ಕೆಲಸಕ್ಕೆ ಬಿಚ್ಚಿಕೊಳ್ಳಬಹುದು ಅಂತ. ಜಿಗ್‌ಗೆ ಮೂರು. ಡೈಮಂಡ್ ತಗಡಿಗೆ ನಾಲ್ಕು. ಲೇತ್ ಅಂಗಡಿಯ ಇಪ್ಪತ್ತು ರೂಪಾಯಿಗೆ ಐದು. ಭಾನುವಾರ ಮಾತ್ರ ಬಾಗಿಲು ಹಾಕಿರುತ್ತದೆ.